ಕಡಲಿಗೆ ಮರಳಿದ ಹಲಗೆ

ಹವಾಯಿ ದ್ವೀಪಗಳ ರಾಜಧಾನಿಯಾದ ಹೊನೊಲುಲುವಿನಲ್ಲಿ ಬಿಷಪ್ ವಸ್ತುಸಂಗ್ರಹಾಲಯವೆಂಬುದೊಂದುಂಟು. ಅರಸುಮನೆತನದ ಬರ್ನಿಸ್ ಪೌಆಹಿ ಬಿಷಪ್ ಎಂಬಾಕೆಯ ಸ್ಮರಣಾರ್ಥವಾಗಿ ಆಕೆಯ ಪತಿ 1889ರಲ್ಲಿ ಅದನ್ನು ಸ್ಥಾಪಿಸಿದನು. ಅಲ್ಲಿಯ ಸಂಗ್ರಹದಲ್ಲಿ ಕೆಲವು ಹಳೆಯ ಮರದ ಹಲಗೆಗಳಿವೆ. ಒಂದು ತುದಿ ದುಂಡಗೆ, ಇನ್ನೊಂದು ತುದಿ ಕತ್ತರಿಸಿದಂತೆ ನೇರ; ದಪ್ಪವೆಂದರೆ ಒಂದು ಅಂಗುಲದ ಆಸುಪಾಸು. ಅರಿಯದವರ ಕಣ್ಣಿಗೆ ಊಟದ ಮಣೆಯನ್ನೇ ಯಾರೋ ಉದ್ದಕ್ಕೆ ಎಳೆದಂತೆ ತೋರಿದರೆ ಆಶ್ಚರ್ಯವಿಲ್ಲ. ಇವುಗಳ ಹೆಸರು ಅಲಾಯಾ. ಸರ್ಫಿಂಗ್ ಎಂದು ಇಂದು ಜಗತ್ತೆಲ್ಲ ಕರೆಯುವ ಅಲೆಸವಾರಿಯ ಅತ್ಯಂತ ಹಳೆಯ ವಾಹನಗಳಲ್ಲಿ ಇದೂ ಒಂದು.

ಹವಾಯಿಯನ್ನರು ಈ ಕ್ರೀಡೆಯನ್ನು ‘ಹೇಎ ನಲು’ ಎಂದರು. ಅಲೆಯ ಮೇಲೆ ಜಾರುವುದು ಎಂದು ಅದರರ್ಥ. ಹಾಲುವಾಣದ ಕುಲಕ್ಕೆ ಸೇರಿದ, ಹಗುರವಾದ ವಿಲಿವಿಲಿ ಮರದಿಂದ ಮಾಡಿದ ‘ಓಲೋ’ ಎಂಬ ಹಿರಿಯ ಹಲಗೆ ದೊರೆಗಳಿಗೆ ಮೀಸಲು. ಬರ್ನಿಸಳ ತಂದೆ ಪಾಕಿಯ ಓಲೋ ಹಲಗೆಗಳು ಸುಮಾರು 16 ಅಡಿ ಉದ್ದವಿದ್ದು, ಮಗಳ ಹೆಸರಿನ ಸಂಗ್ರಹಾಲಯದಲ್ಲಿಯೇ ಉಳಿದಿವೆ. ಅಲಾಯಾ ಮಾತ್ರ ಎಲ್ಲರದು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅದನ್ನೇರುತ್ತಿದ್ದರು. ಕೋವಾ ಮರದಿಂದಲೋ ದೀವಿಹಲಸಿನಿಂದಲೋ ಅದನ್ನು ಕೆತ್ತುತ್ತಿದ್ದರು. ಮರವನ್ನು ಕಡಿಯುವ ಮೊದಲು ಕುಮು ಎಂಬ ಕೆಂಪು ಮೀನೊಂದನ್ನು ಅದರ ಬುಡದಲ್ಲಿಟ್ಟು ಪ್ರಾರ್ಥನೆ ಸಲ್ಲಿಸುವ ಪದ್ಧತಿಯಿತ್ತು. ಕಲ್ಲಿನ ಬಾಚಿಯಿಂದ ಕೆತ್ತಿ, ಹವಳದ ತುಂಡಿನಿಂದ ಉಜ್ಜಿ, ಕಪ್ಪು ಬಣ್ಣ ಕೊಟ್ಟು, ಕುಕುಯಿ ಕಾಯಿಯ ಎಣ್ಣೆಯನ್ನು ತಿಕ್ಕುವರು. ಆಟ ಮುಗಿದ ಮೇಲೆ ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ, ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುವರು. ವೀಣೆಗೆ ಗವಸು ತೊಡಿಸಿಡುವವರಿಗೆ ಈ ಅಕ್ಕರೆಯನ್ನು ವಿವರಿಸಬೇಕಾಗಿಲ್ಲ.

1779ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಕೆಅಲಕೆಕುವಾ ಕೊಲ್ಲಿಯಲ್ಲಿ ತಂಗಿದ್ದಾಗ, ಜೇಮ್ಸ್ ಕಿಂಗ್ ಎಂಬ ಅಧಿಕಾರಿ ಈ ಆಟವನ್ನು ಬೆರಗಿನಿಂದ ನೋಡಿ ಬರೆದಿಟ್ಟನು. ಆದರೆ ಆ ಹಡಗುಗಳ ಬೆನ್ನಿಗೇ ದ್ವೀಪಗಳಿಗೆ ಹೊಸ ರೋಗಗಳೂ ಬಂದುವು. ಲಕ್ಷಗಟ್ಟಲೆಯಿದ್ದ ಹವಾಯಿಯನ್ನರು, ಮಿಶ್ರರಕ್ತದವರನ್ನು ಸೇರಿಸಿಕೊಂಡರೂ, 1890ರ ಜನಗಣತಿಯಲ್ಲಿ ಸುಮಾರು 40,000 ಮಂದಿ ಮಾತ್ರ ಉಳಿದಿದ್ದರು. 1820ರಲ್ಲಿ ಬಂದಿಳಿದ ಪಾದ್ರಿಗಳೇ ಈ ಆಟವನ್ನು ಕೊಂದರೆಂದು ಹೇಳುವ ವಾಡಿಕೆಯಿದೆ. ಬರಿಮೈಯ ಈ ವಿನೋದವನ್ನು ಅವರು ಮೆಚ್ಚಲಿಲ್ಲವೆಂಬುದು ನಿಜ. ಆದರೆ ಅಪರಾಧವನ್ನೆಲ್ಲ ಅವರ ತಲೆಗೆ ಕಟ್ಟುವುದು ಸುಲಭದ ತೀರ್ಮಾನ. ಅವರು ಬರುವ ಮುನ್ನವೇ, 1819ರಲ್ಲಿ, ಹಳೆಯ ಧರ್ಮದ ಕಟ್ಟಳೆಗಳು ಮುರಿದುಬಿದ್ದಿದ್ದುವು. ಅವುಗಳೊಡನೆ ಪಂದ್ಯಗಳ ಹಬ್ಬವೂ ಸೊರಗಿತು. ಚೀನಾಕ್ಕೆ ಮಾರಲೆಂದು ಗಂಧದ ಮರ ಕಡಿಯಲು ದೊರೆಗಳು ಪ್ರಜೆಗಳನ್ನು ಬೆಟ್ಟಕ್ಕೆ ಅಟ್ಟಿದರು. ಜನರೇ ಇಲ್ಲದ ಮೇಲೆ, ಇದ್ದವರಿಗೂ ಬಿಡುವಿಲ್ಲದ ಮೇಲೆ, ಅಲೆಯನ್ನು ಏರುವವರಾರು?

ಆದರೂ ಎಳೆ ಪೂರ್ತಿ ಕಡಿಯಲಿಲ್ಲ. 1885ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಓದುತ್ತಿದ್ದ ಮೂವರು ಹವಾಯಿ ರಾಜಕುಮಾರರು ಸಾಂಟಾ ಕ್ರೂಜ್ ಊರಿನ ನದೀಮುಖದಲ್ಲಿ ರೆಡ್‌ವುಡ್ ಹಲಗೆಗಳನ್ನೇರಿ ಅಲ್ಲಿಯವರಿಗೆ ಈ ಆಟವನ್ನು ತೋರಿಸಿದರು. 1899ರಲ್ಲಿ 23ನೆಯ ವಯಸ್ಸಿಗೇ ತೀರಿಕೊಂಡ ರಾಜಕುಮಾರಿ ಕಾಇಉಲಾನಿಯೂ ಅಲೆಸವಾರಿಯಲ್ಲಿ ಪಳಗಿದವಳು. ಅವಳ ಏಳೂಕಾಲು ಅಡಿಗೆ ತುಸು ಮಿಕ್ಕ ಕೋವಾ ಹಲಗೆಯೂ ಬಿಷಪ್ ಸಂಗ್ರಹಾಲಯವನ್ನು ಸೇರಿತು.

ಮುಂದಿನ ಕಥೆಯ ನಾಯಕರು ಮೂವರು; ಮೂವರ ಹೆಸರೂ ಟಾಮ್ ಎಂದಿರುವುದು ಕೇವಲ ಕಾಕತಾಳೀಯ. ಮೊದಲನೆಯವನು ಅಮೆರಿಕದ ಟಾಮ್ ಬ್ಲೇಕ್. 1920ರ ದಶಕದಲ್ಲಿ ಅವನು ಪಾಕಿಯ ಹಲಗೆಗಳನ್ನು ದುರಸ್ತಿ ಮಾಡಿ, ಅದೇ ಮಾದರಿಯ ಹೊಸ ಹಲಗೆಗಳನ್ನು ಮಾಡಿಕೊಂಡನು. ತೂಕ ತಗ್ಗಿಸಲು ಮರದಲ್ಲಿ ನೂರಾರು ರಂಧ್ರಗಳನ್ನು ಕೊರೆದು, ಮೇಲೆ ತೆಳುವಾದ ಹೊದಿಕೆ ಹಾಕಿದನು. ಇದರಿಂದಲೇ ಟೊಳ್ಳು ಹಲಗೆ ಹುಟ್ಟಿತು. 1932ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1935ರಲ್ಲಿ ಅವನು ಹಲಗೆಯ ಅಡಿಗೆ ಮೀನಿನ ಈಜುರೆಕ್ಕೆಯಂಥ ಪಟ್ಟಿಯೊಂದನ್ನು ಜೋಡಿಸಿದನು. ಹಿಂಭಾಗ ಪಕ್ಕಕ್ಕೆ ಜಾರುವುದು ತಪ್ಪಿತು. ಸವಾರನಿಗೆ ತಿರುಗುವುದು ಸುಲಭವಾಯಿತು. ವಿಚಿತ್ರವೆಂದರೆ, ಹಳೆಯ ಹಲಗೆಗಳನ್ನು ಅಷ್ಟು ಗೌರವಿಸಿದವನ ಕೈಯಿಂದಲೇ ಅವುಗಳನ್ನು ನಿರುಪಯುಕ್ತವೆನಿಸುವ ಸಾಧನವೂ ಬಂದಿತು. ಆಮೇಲೆ ಫೋಮ್ ಮತ್ತು ಫೈಬರ್‌ಗ್ಲಾಸ್ ಬಂದುವು. ರೆಕ್ಕೆಯಿಲ್ಲದ ಮರದ ಪಟ್ಟಿ ಆದಿಮಾನವರ ಆಟಿಕೆಯೆಂಬ ಭಾವನೆ ಬಲಿಯಿತು.

ಅದನ್ನು ಅಲುಗಿಸಿದವರು ಎರಡನೆಯ ಟಾಮ್. ಕ್ಯಾಲಿಫೋರ್ನಿಯದಿಂದ ಆಸ್ಟ್ರೇಲಿಯದ ನೂಸಾ ಪ್ರದೇಶಕ್ಕೆ ಬಂದು ನೆಲೆಸಿದ ಟಾಮ್ ವೆಗೆನರ್ ಅವರು ಬಿಷಪ್ ಸಂಗ್ರಹಾಲಯದ ಅಲಾಯಾಗಳನ್ನು ಕಂಡು, 2000ದ ದಶಕದ ನಡುವೆ ಅದೇ ಆಕಾರದ ಹಲಗೆಗಳನ್ನು ತಯಾರಿಸತೊಡಗಿದರು. ಕೋವಾ ದುರ್ಲಭವಾದುದರಿಂದ, ಹಗುರವೂ ಉಪ್ಪುನೀರನ್ನು ಬೇಗ ಹೀರದುದೂ ಆದ ಪೌಲೋನಿಯಾ ಮರವನ್ನು ಆರಿಸಿಕೊಂಡರು. ಅಳತೆಯೇನೋ ದೊರೆಯಿತು, ಏರುವ ವಿದ್ಯೆ ಅಳತೆಯಲ್ಲಿ ಇರಲಿಲ್ಲ. ತೆಳುವಾದ ಹಲಗೆ ಮಲಗಿದವನ ಭಾರಕ್ಕೇ ಮುಳುಗುತ್ತದೆ. ಕೈಯಿಂದ ತೋಡಿಕೊಂಡು ಅಲೆಯನ್ನು ಹಿಡಿಯುವುದೇ ಪ್ರಯಾಸ. ಆಧುನಿಕ ಹಲಗೆಯಲ್ಲಿ ಪಳಗಿದವರೂ ಇದರ ಮೇಲೆ ಹಸುಳೆಗಳಾದರು. ಆದರೆ ಒಮ್ಮೆ ಅಲೆ ಸಿಕ್ಕಿತೆಂದರೆ ರೆಕ್ಕೆಯ ಕೆಲಸವನ್ನು ಹಲಗೆಯ ಅಂಚೇ ಮಾಡುತ್ತದೆ. ಸವಾರನು ಮೈಯನ್ನು ಅಲೆಯ ಕಡೆಗೆ ಒರಗಿಸಿದಾಗ ತೆಳುವಾದ ಅಂಚು ಕತ್ತಿಯಂತೆ ನೀರಿನ ಗೋಡೆಯನ್ನು ಕಚ್ಚಿ ಹಿಡಿಯುವುದು. ಮರ ತುಸು ಬಾಗಿ ನೀರಿನ ವಕ್ರತೆಗೆ ಹೊಂದಿಕೊಳ್ಳುವುದು. ಎಳೆತ ಉಂಟುಮಾಡುವ ರೆಕ್ಕೆ ಇಲ್ಲವಾದುದರಿಂದ ವೇಗವೋ ಅತಿಶಯ. ಅದು ಅರೆಬೆಂದ ಕಲ್ಪನೆಯಾಗಿರಲಿಲ್ಲ, ಪಕ್ವವಾದ ವಿನ್ಯಾಸವಾಗಿತ್ತು ಎಂಬುದಕ್ಕೆ ಕಡಲೇ ಸಾಕ್ಷಿ ನುಡಿಯಿತು.

ಮೂರನೆಯ ಟಾಮ್ ಹವಾಯಿಯವರೇ: ಟಾಮ್ ಪೊಹಾಕು ಸ್ಟೋನ್. ಬೆಟ್ಟದ ಇಳಿಜಾರಿನಲ್ಲಿ ಜಾರುವ ‘ಹೋಲುವಾ’ ಎಂಬ ಪ್ರಾಚೀನ ಬಂಡಿಯನ್ನು ಮತ್ತೆ ಬಳಕೆಗೆ ತಂದ ಅವರು, ಅಲೆಯ ಹಲಗೆಗಳನ್ನೂ ಹಿರಿಯರ ಮಾದರಿಯಲ್ಲಿ ಕೆತ್ತುತ್ತ ಬಂದವರು. ಹೊರಗಿನವರಿಗೆ ಅಲಾಯಾ ಒಂದು ಸೊಗಸಾದ ಆಕಾರ. ಹವಾಯಿಯವರಿಗೆ ಅದು ಕೈಬಿಟ್ಟುಹೋಗಿದ್ದ ಮನೆಯ ಸೊತ್ತು. ಇವೆರಡು ಒಂದೇ ಬಗೆಯ ಪುನರುಜ್ಜೀವನವಲ್ಲ. ಬ್ಲೇಕ್, ವೆಗೆನರ್ ಇಬ್ಬರೂ ಸಂಗ್ರಹಾಲಯದ ಬಾಗಿಲಿನಿಂದ ಒಳಹೊಕ್ಕು ಹಲಗೆಯನ್ನು ಕಂಡವರು. ಹವಾಯಿಯ ಕೆತ್ತನೆಗಾರನಿಗಾದರೋ ಹಲಗೆಯ ಕಥೆ ಕಾಡಿನ ಮರದ ಬುಡದಲ್ಲಿಟ್ಟ ಕೆಂಪು ಮೀನಿನಿಂದ ಮೊದಲಾಗುತ್ತದೆ.