ಸೋತವನೇ ಹೀರೋ!

ಹೀರೋ ಸೋತ್ರೆ ಪಿಕ್ಚರ್ ಡಬ್ಬಾ ಅನ್ನೋದು ಗಾಂಧಿನಗರದ ಹಳೇ ಪಂಚಾಂಗ. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ನನಗೆ ಅಚ್ಚುಮೆಚ್ಚಾದ ಎರಡು ಚಿತ್ರಗಳು ಆ ಪಂಚಾಂಗವನ್ನೇ ಹರಿದು ಹಾಕಿದವು.

ಮೊದಲನೆಯದು 2005ರ 'ಜೋಗಿ'. ನಿರ್ದೇಶನ ಪ್ರೇಮ್. ಲಾಂಗ್ ಹಿಡಿದ ಶಿವಣ್ಣನನ್ನು ನೋಡೋಕೆ ಹೋದ ಪಡ್ಡೆ ಹುಡುಗರು ಕಣ್ಣೊರೆಸಿಕೊಂಡು ಹೊರಬಂದರು. ಹಳ್ಳಿಯಿಂದ ಬೆಂಗಳೂರಿಗೆ ಬಂದ ಮಾದೇಶ ರೌಡಿಗಳ ಲೋಕದಲ್ಲಿ ಜೋಗಿಯಾಗುತ್ತಾನೆ. ಮಗನನ್ನು ಹುಡುಕುತ್ತ ತಾಯಿಯೂ ಅದೇ ಊರಿಗೆ ಬರುತ್ತಾಳೆ. ಕೊನೆಗೆ ಯಾರದೋ ಅನಾಥ ಹೆಣ ಅಂದುಕೊಂಡು ಅದರ ಮುಂದೆ ಅವನು ಕುಣಿಯುತ್ತಾನೆ. ಅದು ಹೆತ್ತವಳ ಹೆಣ! ಬೆಂಗಳೂರನ್ನೇ ನಡುಗಿಸಿದವನ ಕೈಗೆ ಅವ್ವ ಸಿಗಲಿಲ್ಲ. ಅರುಂಧತಿ ನಾಗ್ ಆ ತಾಯಿಯಾಗಿ ಸುಮ್ಮನೆ ಬೀದಿಯಲ್ಲಿ ನಿಂತರೂ ಕರುಳು ಚುರುಕ್ ಅನ್ನುತ್ತೆ. ಊರು ಬಿಟ್ಟು ಕೆಲಸಕ್ಕೆ ಬಂದ ಹುಡುಗನಿಗೆ ಆ ಸೀನು ಬೇರೆ ಥರಾನೇ ನಾಟುತ್ತೆ, ಅಲ್ವೇ? (ಫೈಟು ಒಂದೆರಡು ಕಮ್ಮಿಯಾಗಿದ್ರೂ ನಡೀತಿತ್ತು, ಆ ಮಾತು ಬೇರೆ.)

ಇನ್ನೊಂದು, 2006ರ ಡಿಸೆಂಬರಿನಲ್ಲಿ ಬಂದ 'ಮುಂಗಾರು ಮಳೆ'. ವಟವಟ ಮಾತಾಡಿ ನಗಿಸಿದ ಗಣೇಶ್, ಕೊನೆಗೆ ಹುಡುಗಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು ಹೊರಟೇಬಿಡುತ್ತಾನೆ. ಜೊತೆಗಿದ್ದ ಮೊಲ ದೇವದಾಸನೂ ಸಾಯುತ್ತೆ. ಆದರೂ ಯೋಗರಾಜ ಭಟ್ಟರ ಈ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ಹುಡುಗಿ ಸಿಕ್ಕಿಬಿಟ್ಟಿದ್ದರೆ ಇಷ್ಟು ಓಡ್ತಿತ್ತಾ? ನನಗೇನೋ ಅನುಮಾನ.

2007ರ 'ದುನಿಯಾ' ಎಲ್ಲಿ ಅಂತ ಸೂರಿ ಅಭಿಮಾನಿಗಳು ಗುರಾಯಿಸಬೇಡಿ. ಅದಕ್ಕೆ ಮುಂದಿನ ವಾರ ಪೂರ್ತಿ ಪುಟ.