ಮೂಡದ ಹಲ್ಲು: ಎಣಿಸುವವರು ಯಾರು?

ಚಿತ್ರದುರ್ಗ ಜಿಲ್ಲೆಯಲ್ಲಿ ಮಗುವಿನ ಹಲ್ಲಿನಲ್ಲಿ ಏನೇ ಹೆಚ್ಚುಕಮ್ಮಿ ಕಂಡರೂ ಮೊದಲ ಬೈಗುಳ ಬೀಳುವುದು ಬೋರ್‌ವೆಲ್ ನೀರಿಗೆ. ಸುಮ್ಮನೆ ಬೈಯುತ್ತಾರೆ ಎನ್ನುವಂತೆಯೂ ಇಲ್ಲ. ಈ ಬಯಲುಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿದ ಕೊಳವೆಬಾವಿಗಳು ಎಷ್ಟೋ ಹಳ್ಳಿಗಳಲ್ಲಿವೆ. ಹಿರಿಯೂರು, ಚಿತ್ರದುರ್ಗ ಪಟ್ಟಣಗಳಿಗೆ ವಾಣಿವಿಲಾಸ ಸಾಗರದ ನೀರು ಬಂತು. ಬೋರ್‌ವೆಲ್ಲನ್ನೇ ನಂಬಿದ ಊರುಗಳ ಮಕ್ಕಳ ಬಾಚಿಹಲ್ಲಿನ ಕಂದು ಕಲೆ ಉಳಿದೇ ಇದೆ. ಆದರೆ ಫ್ಲೋರೈಡ್ ಕೆಡಿಸುವುದು ಬೆಳೆಯುತ್ತಿರುವ ಹಲ್ಲಿನ ಹೊರಪದರವನ್ನು. ಇರಬೇಕಾದ ಹಲ್ಲನ್ನು ಅದು ಅಳಿಸಿಹಾಕುವುದಿಲ್ಲ. ಹಾಲುಹಲ್ಲು ಬಿದ್ದು ವರ್ಷಗಳಾದರೂ ಹೊಸ ಹಲ್ಲು ಕಾಣದಿದ್ದರೆ ನೀರನ್ನು ಬೈದು ಪ್ರಯೋಜನವಿಲ್ಲ. ಆ ಹಲ್ಲಿನ ಮೊಳಕೆಯೇ ದವಡೆಯೊಳಗೆ ಕಟ್ಟಿರಲಿಕ್ಕಿಲ್ಲ.

ಇದು ಅಪರೂಪದ ಸಂಗತಿಯೇನಲ್ಲ. ಬುದ್ಧಿಹಲ್ಲುಗಳಲ್ಲಿ ಒಂದಾದರೂ ಮೂಡದವರು ಲೋಕದಲ್ಲಿ ಐವರಿಗೊಬ್ಬರಂತೆ ಇದ್ದಾರೆ, ಅದರಿಂದ ಅವರಿಗೆ ನಷ್ಟವೂ ಇಲ್ಲ. ಬುದ್ಧಿಹಲ್ಲು ಬಿಟ್ಟು ಉಳಿದ 28 ಶಾಶ್ವತ ಹಲ್ಲುಗಳಲ್ಲಿ ಒಂದೋ ಎರಡೋ ಹುಟ್ಟದ ಮಕ್ಕಳು, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, ನೂರಕ್ಕೆ ನಾಲ್ಕರಿಂದ ಏಳು. ಹುಡುಗರಿಗಿಂತ ಹುಡುಗಿಯರಲ್ಲಿ ತುಸು ಹೆಚ್ಚು. ಈ ಲೆಕ್ಕ ಹಿಡಿದರೆ ಹೊಸದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ 40 ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು ಇಂಥವರು ಸಿಗಬೇಕು.

ಯಾವ ಹಲ್ಲು ತಪ್ಪುತ್ತದೆ ಎಂಬುದರಲ್ಲೂ ಒಂದು ಕ್ರಮವಿದೆ. ಹೆಚ್ಚಾಗಿ ಪ್ರತಿ ಗುಂಪಿನ ಕೊನೆಯದು. ಬಾಚಿಹಲ್ಲುಗಳಲ್ಲಿ ಮೇಲ್ದವಡೆಯ ನಡುವಿನ ಜೋಡಿಯ ಪಕ್ಕದ್ದು, ಮುಂದವಡೆ ಹಲ್ಲುಗಳಲ್ಲಿ ಎರಡನೆಯದು, ದವಡೆ ಹಲ್ಲುಗಳಲ್ಲಿ ಬುದ್ಧಿಹಲ್ಲು. ಇದರ ಹಿಂದೆ ವಂಶವಾಹಿಗಳ ಕೈವಾಡವಿದೆ. 1996ರಲ್ಲಿ ಎಂಎಸ್‌ಎಕ್ಸ್1, 2000ದಲ್ಲಿ ಪ್ಯಾಕ್ಸ್9 ಎಂಬ ಜೀನ್‌ಗಳ ದೋಷ ಹೀಗೆ ಹಲ್ಲು ತಪ್ಪಿಸುತ್ತದೆಂದು ಗೊತ್ತಾಯಿತು. ಇವುಗಳಲ್ಲಿ ತಂದೆ ಅಥವಾ ತಾಯಿ ಒಬ್ಬರಿಂದ ದೋಷ ಬಂದರೂ ಸಾಕು. ಇನ್ನು ಕೆಲವು ಬಗೆಗಳಲ್ಲಿ ಇಬ್ಬರಿಂದಲೂ ಬಂದಾಗ ತೀವ್ರತೆ ಹೆಚ್ಚು. ಸೋದರಮಾವ, ಅತ್ತೆ ಮಗಳು ಎಂದು ಒಳಗಿನ ಸಂಬಂಧವೇ ಬೆಳೆದ ಮನೆಗಳಲ್ಲಿ ಈ ಮಾತಿಗೆ ತೂಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರ ಪೈಕಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ರಕ್ತಸಂಬಂಧಿಯನ್ನೇ ಕೈಹಿಡಿದವರು.

ಇಷ್ಟು ಸಾಮಾನ್ಯವಾದದ್ದು ಕಣ್ಣಿಗೆ ಬೀಳುವುದಿಲ್ಲವೇಕೆ? ಹುಳುಕು ಹಲ್ಲು ನೋಯುತ್ತದೆ, ಇಲ್ಲದ ಹಲ್ಲು ನೋಯುವುದಿಲ್ಲ. ಎಂಟೊಂಬತ್ತು ವರ್ಷಕ್ಕೆ ಬರಬೇಕಾದ ಪಕ್ಕದ ಬಾಚಿ ಬಾರದೆ ಮುಂದಿನ ಎರಡು ಹಲ್ಲು ದೂರ ಸರಿದರೆ, ಸಂದು ಇದ್ದವರು ಅದೃಷ್ಟವಂತರು ಎಂದು ಮನೆಯವರೇ ನಕ್ಕು ಸುಮ್ಮನಾಗುತ್ತಾರೆ. ಮಗಳಿಗೆ ಗಂಡು ನೋಡುವ ಹೊತ್ತಿಗೆ ಅದೇ ಸಂದು ಚಿಂತೆಯಾಗುತ್ತದೆ ಅನ್ನುವುದು ಬೇರೆ ಮಾತು.

ಕೆಳದವಡೆಯ ಎರಡನೇ ಮುಂದವಡೆ ಹಲ್ಲಿನ ಪ್ರಸಂಗ ಇನ್ನೂ ಮೋಸದ್ದು. ಹಾಲುಹಲ್ಲಿನ ಬೇರು ಕರಗುವುದು ಮುಖ್ಯವಾಗಿ ಅಡಿಯಿಂದ ಶಾಶ್ವತ ಹಲ್ಲು ಮೇಲೇರುವಾಗ. ಅಡಿಯಲ್ಲಿ ಹಲ್ಲೇ ಇಲ್ಲದಿದ್ದರೆ ಬೇರು ಬೇಗ ಕರಗುವುದಿಲ್ಲ, ಹಾಲುಹಲ್ಲು ಗಟ್ಟಿಯಾಗಿ ಕೂತೇ ಇರುತ್ತದೆ. ಹನ್ನೊಂದು ಹನ್ನೆರಡಕ್ಕೆ ಬೀಳಬೇಕಾದದ್ದು ಬೀಳಲಿಲ್ಲವೆಂದರೆ ಮನೆಯವರಿಗೆ ಖುಷಿ. ಅಷ್ಟರಲ್ಲಿ ಅದಕ್ಕೆ ಹುಳುಕು ಹತ್ತುತ್ತದೆ. ಹಾಲುಹಲ್ಲು ತಾನೆ, ಕಿತ್ತರೆ ಹೊಸದು ಬರುತ್ತದೆ ಎಂದು ಕೀಳಿಸುತ್ತಾರೆ. ಹೊಸದು ಬರುವುದೇ ಇಲ್ಲ. ಜೋಪಾನ ಮಾಡಿದ್ದರೆ ಅದೇ ಹಾಲುಹಲ್ಲು ಮೂವತ್ತು ನಲವತ್ತರ ವಯಸ್ಸಿನವರೆಗೂ ಕೆಲಸ ಮಾಡಬಹುದಿತ್ತು. ಒಂದು ಎಕ್ಸ್‌ರೇ ತೆಗೆಯದೆ ಹೀಗೆ ಹಲ್ಲು ಕೀಳುವುದಕ್ಕೆ ಅವಸರ ಎಂಬ ಹೆಸರು ಸಾಲದು, ಅದು ಬೇಜವಾಬ್ದಾರಿ.

ಒಂದೆರಡು ಹಲ್ಲಿನ ಮಾತು ಹೀಗಾದರೆ, ಆರು ಅಥವಾ ಅದಕ್ಕಿಂತ ಹೆಚ್ಚು ಹಲ್ಲಿಲ್ಲದ ಮಕ್ಕಳದು ಬೇರೆಯೇ ಪಾಡು. ಇವರು ಸಿಗುವುದು ಸಾವಿರಕ್ಕೆ ಸುಮಾರು ಒಬ್ಬರು. ಇವರಲ್ಲಿ ಕೆಲವರಿಗೆ ಕೂದಲು ವಿರಳ, ಇರುವ ನಾಲ್ಕಾರು ಹಲ್ಲುಗಳೂ ಮೊಳೆಯಂತೆ ಚೂಪು, ಎಲ್ಲಕ್ಕಿಂತ ಮುಖ್ಯವಾಗಿ ಬೆವರೇ ಬರುವುದಿಲ್ಲ. ಈ ಕಾಯಿಲೆಯ ಹಳೆಯ ದಾಖಲೆಗಳಲ್ಲೊಂದು ನಮ್ಮ ಉಪಖಂಡದ್ದೇ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಪುಟ್ಟ ಬಾಚಿ, ಎಂಟು ದವಡೆ ಹಲ್ಲು ಮಾತ್ರ ಇದ್ದವೆಂದೂ ಬೇಸಿಗೆಯಲ್ಲಿ ಒಣಚರ್ಮದಿಂದ ಅವರು ಬಹಳ ನರಳುತ್ತಿದ್ದರೆಂದೂ ಚಾರ್ಲ್ಸ್ ಡಾರ್ವಿನ್ 19ನೇ ಶತಮಾನದಲ್ಲೇ ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ ಅದು ಕಾಣಿಸಿಕೊಳ್ಳದಿದ್ದರೂ ಅವರ ಗಂಡುಮಕ್ಕಳಿಗೆ ದಾಟುತ್ತಿತ್ತು ಎಂಬುದನ್ನೂ ಗಮನಿಸಿದ್ದಾನೆ. ಆಗ ಜೀನ್ ಎಂಬ ಮಾತೇ ಹುಟ್ಟಿರಲಿಲ್ಲ.

ಸಿಂಧ್‌ನ ಬಿಸಿಲು ಹಿರಿಯೂರಿನ ಬಿಸಿಲಿಗೆ ಅಪರಿಚಿತವಲ್ಲ. ಬೇಸಿಗೆ ಬಂದಾಗಲೆಲ್ಲ ಮಗುವಿಗೆ ಕಾರಣ ತಿಳಿಯದ ಜ್ವರ ಬರುತ್ತಿದ್ದರೆ, ಮೈ ಕಾದರೂ ಬೆವರು ಕಾಣದಿದ್ದರೆ, ಜೊತೆಗೆ ಹಲ್ಲೂ ಕಡಿಮೆ ಇದ್ದರೆ ವೈದ್ಯರ ಬಳಿ ಈ ಮೂರನ್ನೂ ಒಟ್ಟಿಗೇ ಹೇಳಬೇಕು. ಜ್ವರಕ್ಕೆ ಒಬ್ಬರು, ಹಲ್ಲಿಗೆ ಇನ್ನೊಬ್ಬರು ಎಂದು ಓಡಾಡಿದರೆ ಕಾಯಿಲೆ ಯಾರಿಗೂ ಪೂರ್ತಿ ಕಾಣದು. ಶಾಲೆಯಲ್ಲಿ ಇಂಥ ಮಗುವಿಗೆ ನೆರಳು, ಒದ್ದೆ ಬಟ್ಟೆ, ಕುಡಿಯಲು ಮತ್ತೆಮತ್ತೆ ನೀರು ಬೇಕು. ಬಿಸಿಲಲ್ಲಿ ಡ್ರಿಲ್ ಮಾಡಿಸುವುದು ಅದರ ಜೀವಕ್ಕೇ ಅಪಾಯ.

ಮದ್ದಿನ ಸುದ್ದಿಗಳು ಬರತೊಡಗಿವೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಈ ಬೆವರಿಲ್ಲದ ಕಾಯಿಲೆಯ ಅವಳಿ ಗಂಡುಮಕ್ಕಳಿಗೆ ಗರ್ಭದಲ್ಲಿದ್ದಾಗಲೇ ಕೊರತೆಯ ಪ್ರೋಟೀನ್ ಕೊಡಲಾಯಿತು. ಹುಟ್ಟಿದ ಮೇಲೆ ಅವರು ಬೆವರಿದ ವರದಿ 2018ರಲ್ಲಿ ಪ್ರಕಟವಾಯಿತು. ಜಪಾನಿನ ಕ್ಯೋಟೊದಲ್ಲಿ ಕತ್ಸು ತಾಕಾಹಾಶಿ ಅವರ ತಂಡ ಹಲ್ಲಿನ ಬೆಳವಣಿಗೆಯನ್ನು ತಡೆಯುವ ಯುಸ್ಯಾಗ್-1 ಎಂಬ ಪ್ರೋಟೀನನ್ನು ಅಡಗಿಸುವ ಔಷಧವನ್ನು 2024ರ ಸೆಪ್ಟೆಂಬರಿನಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಲು ಶುರುಮಾಡಿತು. ಮೊದಲ ಹಂತದಲ್ಲಿ ನೋಡುವುದು ಔಷಧ ಸುರಕ್ಷಿತವೇ ಎಂಬುದನ್ನು, ಅದೂ ವಯಸ್ಕ ಗಂಡಸರಲ್ಲಿ. ಹುಟ್ಟಿನಿಂದಲೇ ಹಲವು ಹಲ್ಲಿಲ್ಲದ ಎರಡರಿಂದ ಏಳು ವರ್ಷದ ಮಕ್ಕಳ ಸರದಿ ಅದಾದ ಮೇಲೆ. 2030ರ ಸುಮಾರಿಗೆ ಮಾರುಕಟ್ಟೆಗೆ ತರುವ ಆಸೆ ಅವರದು. ಹಲ್ಲು ಮತ್ತೆ ಬೆಳೆಸುವ ಇಂಜೆಕ್ಷನ್ ಬಂದೇಬಿಟ್ಟಿತು ಎನ್ನುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ಈಗಲೇ ನಂಬಬೇಕಿಲ್ಲ.

ಇಂದು ಕೈಯಲ್ಲಿರುವುದು ಹಳೆಯ ದಾರಿಗಳೇ. ಹಾಲುಹಲ್ಲು ಉಳಿಸಿಕೊಳ್ಳುವುದು, ತಂತಿ ಹಾಕಿಸಿ ಸಂದು ಮುಚ್ಚುವುದು ಅಥವಾ ಸರಿಪಡಿಸುವುದು, ಪಕ್ಕದ ಹಲ್ಲಿಗೆ ಅಂಟಿಸುವ ಬ್ರಿಡ್ಜ್ ಕೂರಿಸುವುದು, ದವಡೆಯ ಬೆಳವಣಿಗೆ ನಿಂತ ಮೇಲೆ ಇಂಪ್ಲಾಂಟ್ ಮಾಡಿಸುವುದು. ಇಂಪ್ಲಾಂಟ್ ಎಂದರೆ ಹತ್ತಾರು ಸಾವಿರ ರೂಪಾಯಿ. ಬೇಗ ಗೊತ್ತಾದಷ್ಟೂ ಅಗ್ಗದ ದಾರಿಗಳು ತೆರೆದಿರುತ್ತವೆ.

ಬೇಗ ಗೊತ್ತುಮಾಡಿಕೊಳ್ಳಲು ವ್ಯವಸ್ಥೆ ಇಲ್ಲದೆ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ, ಎರಡು ಸಲ ಅಂಗನವಾಡಿಗಳಿಗೆ ಹೋಗಬೇಕು. ಅವರ ಪಟ್ಟಿಯಲ್ಲಿ ಸೀಳುತುಟಿಯಿದೆ, ಹಲ್ಲಿನ ಹುಳುಕಿದೆ. ಹುಟ್ಟುದೋಷಗಳ ಸಾಲಿನಲ್ಲಿ ಹಲ್ಲಿಲ್ಲದಿರುವುದು ಇಲ್ಲ. ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆಯೂ ರೂಪುಗೊಂಡದ್ದು ಹಲ್ಲು ಉದುರಿದ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲೆಂದು. ಅದು ಒಳ್ಳೆಯ ಕೆಲಸವೇ. ಆದರೆ ಹಲ್ಲು ಮೂಡದೇ ಇರುವ ಮಗುವನ್ನು ಅದೇ ಯೋಜನೆಯ ಬಾಗಿಲಿಗೆ ಕರೆದುಕೊಳ್ಳಲು ಸರ್ಕಾರಕ್ಕೆ ಭಾರೀ ಖರ್ಚೇನೂ ಬರಲಾರದು.

ಚಿತ್ರದುರ್ಗದಲ್ಲೇ ಎಸ್‌ಜೆಎಂ ದಂತ ಕಾಲೇಜಿದೆ, ಪಕ್ಕದ ದಾವಣಗೆರೆಯಲ್ಲಿ ಬಾಪೂಜಿ ಸೇರಿದಂತೆ ಎರಡಿವೆ. ಇಡೀ ದವಡೆಯ ಒಪಿಜಿ ಎಕ್ಸ್‌ರೇ ತೆಗೆಸಲು ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ. ಶಾಲೆಗೆ ಬರುವ ತಂಡ ನಾಲ್ಕನೇ ತರಗತಿಯಲ್ಲೊಮ್ಮೆ, ಏಳನೇ ತರಗತಿಯಲ್ಲೊಮ್ಮೆ ಮಕ್ಕಳ ಹಲ್ಲು ಎಣಿಸಲಿ. ಒಂದು ಪಕ್ಕದ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಪಕ್ಕದ್ದು ಬಾರದಿದ್ದರೆ ಆ ಮಗುವನ್ನು ಎಕ್ಸ್‌ರೇಗೆ ಕಳಿಸಲಿ. ಆರೋಗ್ಯ ಕಾರ್ಡಿನಲ್ಲಿ ಇದಕ್ಕೊಂದು ಕಾಲಂ ಸೇರಿಸುವುದು ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಆಗುವ ಕೆಲಸ. ಅಲ್ಲಿಯವರೆಗೆ ತಂದೆತಾಯಿ ಒಂದು ಮಾಡಬಹುದು: ಮಗುವಿನ ಹಾಲು ದವಡೆಹಲ್ಲು ಕೀಳಿಸಲು ಕುರ್ಚಿಯಲ್ಲಿ ಕೂರಿಸುವ ಮುಂಚೆ, ಅಡಿಯಲ್ಲಿ ಹೊಸ ಹಲ್ಲು ಇದೆಯೇ ಎಂದು ಎಕ್ಸ್‌ರೇ ತೆಗೆದು ತೋರಿಸುವಂತೆ ಡಾಕ್ಟರನ್ನು ಕೇಳಿ.