ಸೋತ ತಂಡಕ್ಕೆ ಬೇಕಾದ ಸಾರಥ್ಯ

ಯಾವುದಾದರೊಂದು ವೃತ್ತಿಪರ ಫುಟ್‌ಬಾಲ್ ತಂಡವು ಮೇಲಿಂದ ಮೇಲೆ ನಾಲ್ಕಾರು ಪಂದ್ಯಗಳಲ್ಲಿ ಸೋತಿತೆಂದರೆ ಮೊತ್ತಮೊದಲು ಏಳುವ ಕೂಗು ಕೋಚನ್ನು ಬದಲಾಯಿಸಿರೆಂಬುದು. ಹಳಬರು ಹೋಗಿ ಆ ಸ್ಥಾನಕ್ಕೆ ದೂರದೇಶದ ಖ್ಯಾತನಾಮರೊಬ್ಬರು ಬರುತ್ತಾರೆ. ಎರಡು ಗೆಲುವು ಬಂದೊಡನೆ ಉದ್ಧಾರಕನು ದೊರೆತನೆಂಬ ಸಂಭ್ರಮವೂ, ಮತ್ತೆ ಮೂರು ಸೋಲು ಬಂದೊಡನೆ ಅವರನ್ನೂ ಬೀಳ್ಕೊಡಬೇಕೆಂಬ ಆಗ್ರಹವೂ ಹುಟ್ಟುತ್ತವೆ. ಈ ಗೊಂದಲದ ನಡುವೆ ಯಾರೂ ನಿಂತು ಕೇಳದ ಪ್ರಶ್ನೆಯೊಂದಿದೆ: ಆ ತಂಡದ ಒಡೆಯರಿಗೆ ಬೇಕಾದುದಾದರೂ ಏನು? ಕುಸಿದ ತಂಡವೊಂದು ಯೋಗ್ಯ ನಾಯಕತ್ವವನ್ನು ಕಂಡುಕೊಳ್ಳಬೇಕಾದರೆ ಅದರ ಒಡೆಯರು ವ್ಯಕ್ತಿಯನ್ನು ಅರಸುವುದಕ್ಕೆ ಮುಂಚೆ ತಮ್ಮ ಸಂಕಲ್ಪವನ್ನು ನಿಶ್ಚಯಿಸಿಕೊಳ್ಳಬೇಕು. ನಿಶ್ಚಯಿಸಿಕೊಂಡ ಮೇಲೆ, ಆರಿಸಿದವರಿಗೆ ಅಧಿಕಾರವನ್ನೂ ಕಾಲಾವಕಾಶವನ್ನೂ ಮನಃಪೂರ್ವಕವಾಗಿ ಕೊಡಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಬಯಲುಗಳಲ್ಲಿ ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ಗಳಿಗೆ ಸಲ್ಲುವ ಮನ್ನಣೆ ಫುಟ್‌ಬಾಲಿಗೆ ಸಲ್ಲುತ್ತಿಲ್ಲವೆಂಬುದು ನಿಜವೇ. ಆದರೂ ಬೇಕರಿ, ಹೋಟೆಲುಗಳ ಉದ್ಯೋಗವನ್ನು ನಂಬಿ ಬೆಂಗಳೂರು ಸೇರಿದ ನಮ್ಮ ಸೀಮೆಯ ಮಕ್ಕಳಿಗೆ ಆ ಊರು ಎಷ್ಟು ತಮ್ಮದೋ, ಆ ಊರಿನ ಹೆಸರು ಹೊತ್ತ ತಂಡವೂ ಅಷ್ಟೇ ತಮ್ಮದು. ದೇಶದ ಅತ್ಯುನ್ನತ ಲೀಗಿನಲ್ಲಿ ಕರ್ನಾಟಕದ ಪ್ರತಿನಿಧಿಯಾಗಿ ಆಡುತ್ತ ಬಂದಿರುವುದು ಬೆಂಗಳೂರು ಎಫ್‌ಸಿ ಒಂದೇ ಆದಕಾರಣ, ಅದರ ಏಳುಬೀಳುಗಳು ನಮಗೆ ಪರರ ವ್ಯವಹಾರವಲ್ಲ.

2013ರಲ್ಲಿ ಜೆಎಸ್‌ಡಬ್ಲ್ಯೂ ಸಮೂಹದ ಒಡೆತನದಲ್ಲಿ ಜನ್ಮತಾಳಿದ ಈ ಕ್ಲಬ್ಬು, ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರ ತರಬೇತಿಯಲ್ಲಿ ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದುದಲ್ಲದೆ 2016ರಲ್ಲಿ ಅದನ್ನು ಮರಳಿ ಪಡೆಯಿತು. ಅದೇ ವರ್ಷ ಸ್ಪೇನಿನ ಆಲ್ಬರ್ಟ್ ರೋಕಾ ಅವರು ಹೊಣೆ ವಹಿಸಿಕೊಂಡು, ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಭಾರತದ ಪ್ರಥಮ ಕ್ಲಬ್ಬೆಂಬ ಗೌರವವನ್ನು ಅದಕ್ಕೆ ತಂದುಕೊಟ್ಟರು. 2018ರಲ್ಲಿ ರೋಕಾ ಅವರು ನಿರ್ಗಮಿಸಿದಾಗ ಕ್ಲಬ್ಬು ಅನ್ಯತ್ರ ಅರಸಲಿಲ್ಲ. ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಅವರಿಗೇ ಪಟ್ಟ ಕಟ್ಟಿತು. ಮರುವರ್ಷ ಮುಂಬಯಿಯಲ್ಲಿ ಗೋವಾ ತಂಡವನ್ನು 1-0 ಅಂತರದಿಂದ ಮಣಿಸಿ ಇಂಡಿಯನ್ ಸೂಪರ್ ಲೀಗಿನ ಕಿರೀಟ ಬೆಂಗಳೂರಿಗೆ ಬಂದುದು ಈ ಅವಿಚ್ಛಿನ್ನ ಪರಂಪರೆಯ ಫಲವೆಂದೇ ನಾನು ತಿಳಿಯುತ್ತೇನೆ. ಕೋಚು ಬದಲಾದರೂ ಚಿಂತನೆ ಬದಲಾಗಿರಲಿಲ್ಲ. ಆಟಗಾರನು ನಿನ್ನೆ ಕಲಿತುದನ್ನು ಇಂದು ಮರೆಯಬೇಕಾದ ಪ್ರಮೇಯ ಬಂದಿರಲಿಲ್ಲ.

ಆ ಬಳಿಕದ ಕಥೆ ಬೇರೆ. 2021ರ ಜನವರಿಯಲ್ಲಿ ಋತುವಿನ ಮಧ್ಯದಲ್ಲಿಯೇ ಕ್ವಾಡ್ರಾಟ್ ಅವರು ಹೊರನಡೆದರು. ನೌಷಾದ್ ಮೂಸಾ ಅವರು ತಾತ್ಕಾಲಿಕವಾಗಿ ಭಾರ ಹೊತ್ತರು. ಜರ್ಮನಿಯ ಮಾರ್ಕೊ ಪೆಝಾಯೊಲಿ ಬಂದರು, ಹೋದರು. 2022ರಲ್ಲಿ ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ಗ್ರೇಸನ್ ಅವರ ಕಾಲದಲ್ಲಿ ತಂಡವು ಡ್ಯುರಾಂಡ್ ಕಪ್ಪನ್ನು ಗೆದ್ದಿತು. ಲೀಗಿನಲ್ಲಿ ಮುಗ್ಗರಿಸಿದ ತರುವಾಯ ಸತತ ಎಂಟು ಪಂದ್ಯಗಳನ್ನು ಜಯಿಸಿ, 2023ರ ಮಾರ್ಚಿನ ಅಂತಿಮ ಪಂದ್ಯದಲ್ಲಿ ಪೆನಾಲ್ಟಿ ಒದೆತಗಳಲ್ಲಿ ಮಾತ್ರ ಸೋತಿತು. ಅಷ್ಟಾಗಿಯೂ ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಹುದ್ದೆಯಲ್ಲಿರಲಿಲ್ಲ. ಮೂರು ವರ್ಷಗಳ ಅವಧಿಯಲ್ಲಿ ಇಷ್ಟು ಮಂದಿಯ ಇಷ್ಟು ಬಗೆಯ ಬೋಧನೆಗೆ ಕಿವಿಗೊಟ್ಟ ಆಟಗಾರರು ಯಾವ ಪದ್ಧತಿಯನ್ನು ತಮ್ಮದಾಗಿಸಿಕೊಳ್ಳಬೇಕಾಗಿತ್ತು?

ಆಗ ಬಂದವರು ಜೆರಾರ್ಡ್ ಝರಗೋಝ. 2018-19ರ ವಿಜಯದ ಋತುವಿನಲ್ಲಿ ಕ್ವಾಡ್ರಾಟ್ ಅವರ ಸಹಾಯಕವರ್ಗದಲ್ಲಿದ್ದ ಇವರಿಗೆ ಕ್ಲಬ್ಬಿನ ಮನೋಧರ್ಮ ಪರಿಚಿತವಾಗಿತ್ತು. ಆದರೂ 2023-24ರ ಋತು ಮುಗಿದಾಗ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಬೆಂಗಳೂರು ಹತ್ತನೆಯ ಸ್ಥಾನದಲ್ಲಿತ್ತು. ರೂಢಿಯಂತೆ ನಡೆದಿದ್ದರೆ ಇನ್ನೊಂದು ವಿದಾಯಪತ್ರ ಸಿದ್ಧವಾಗಬೇಕಾಗಿತ್ತು. ಕ್ಲಬ್ಬು ಈ ಬಾರಿ ಹಾಗೆ ಮಾಡಲಿಲ್ಲ. ಪರಿಣಾಮವಾಗಿ 2024-25ರಲ್ಲಿ ಅದೇ ಕೋಚಿನ ಕೈಕೆಳಗೆ ತಂಡವು ಮೂರನೆಯ ಸ್ಥಾನಕ್ಕೇರಿ, ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನಿಗೆ ಹೆಚ್ಚುವರಿ ಸಮಯದ ತನಕ ಎದುರುನಿಂತು 2-1 ಅಂತರದಿಂದ ಸೋತಿತು. ಹತ್ತನೆಯ ಸ್ಥಾನದಿಂದ ಫೈನಲಿನವರೆಗಿನ ಈ ಪಯಣವು ಕೋಚನ್ನು ಉಳಿಸಿಕೊಂಡುದರಿಂದ ಸಾಧ್ಯವಾಯಿತೆಂಬುದನ್ನು ನಾವು ಮರೆಯಬಾರದು.

ಆರಿಸಿದವರಿಗೆ ಕಾಲಾವಕಾಶದೊಂದಿಗೆ ಅಧಿಕಾರವನ್ನೂ ಬಿಟ್ಟುಕೊಡುವ ವಿವೇಕವು ನಮ್ಮ ಸೀಮೆಗೆ ಹೊಸದಲ್ಲ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮುಂತಾದ ಯಕ್ಷಗಾನ ಮೇಳಗಳ ವ್ಯವಸ್ಥೆಯನ್ನು ಬಲ್ಲವರಿಗೆ ಯಜಮಾನನ ಹೊಣೆ ಯಾವುದು, ಭಾಗವತನ ಹೊಣೆ ಯಾವುದು ಎಂಬುದರಲ್ಲಿ ಸಂದೇಹವಿರುವುದಿಲ್ಲ. ಮುಂದಿನ ತಿರುಗಾಟಕ್ಕೆ ಕಲಾವಿದರನ್ನು ಗೊತ್ತುಮಾಡುವುದೂ, ಅವರ ಸಂಬಳ ಸೌಕರ್ಯಗಳನ್ನು ನೋಡಿಕೊಳ್ಳುವುದೂ ಯಜಮಾನನಿಗೆ ಸೇರಿದ್ದು. ಒಮ್ಮೆ ರಂಗಸ್ಥಳದಲ್ಲಿ ತಾಳದ ನಾದ ಎದ್ದಿತೆಂದರೆ, ಯಾವ ಪದ್ಯವನ್ನು ಲಂಬಿಸಬೇಕು, ಯಾವುದನ್ನು ಮೊಟಕುಗೊಳಿಸಬೇಕು, ಯಾವ ವೇಷಧಾರಿಗೆ ಎಷ್ಟು ಅವಕಾಶ ಎಂಬುದೆಲ್ಲ ಭಾಗವತನ ಅಧೀನ. ಭಾಗವತನೇ ಮೊದಲನೆಯ ವೇಷಧಾರಿಯೆಂದು ಹಿರಿಯರು ಹೇಳುತ್ತ ಬಂದುದು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು. ಯಜಮಾನನು ನಡುರಾತ್ರಿಯಲ್ಲಿ ಚೌಕಿಯಿಂದೆದ್ದು ಬಂದು ತಾಳವನ್ನು ತನ್ನ ಕೈಗೆ ತೆಗೆದುಕೊಂಡರೆ ಆ ಪ್ರಸಂಗ ಕೆಡದೆ ಉಳಿಯುವುದಿಲ್ಲ. ಕೋಚಿನ ಅಭಿಪ್ರಾಯ ಕೇಳದೆ ಆಟಗಾರರನ್ನು ಕೊಳ್ಳುವ, ಪಂದ್ಯಕ್ಕೆ ಇಳಿಯತಕ್ಕ ಹನ್ನೊಂದು ಮಂದಿಯ ಆಯ್ಕೆಯಲ್ಲಿ ಕೈಯಾಡಿಸುವ ಒಡೆಯರು ಎಲ್ಲಿಯೇ ಇರಲಿ, ಮಾಡುವುದು ಇದೇ ಪ್ರಮಾದವನ್ನು.

ಹಾಗಾದರೆ ಎಂಥವರನ್ನು ಆರಿಸಬೇಕು? ಪ್ರಶಸ್ತಿಗಳ ಪಟ್ಟಿ ಉದ್ದವಾಗಿದ್ದ ಮಾತ್ರಕ್ಕೆ ಯೋಗ್ಯತೆ ಸಿದ್ಧಿಸುವುದಿಲ್ಲ. ಕರ್ಣಪರ್ವದ ಆಟವನ್ನು ಕಂಡು ಬೆಳೆದ ನಮಗೆ ಶಲ್ಯನ ಸಾರಥ್ಯ ನೆನಪಿರಬೇಕು. ಅಶ್ವವಿದ್ಯೆಯಲ್ಲಿ ಕೃಷ್ಣನಿಗೆ ಸಮಾನನೆಂದು ಅವನನ್ನು ಬಯಸಿ ಪಡೆದರು. ವಿದ್ಯೆಯಲ್ಲಿ ಲೋಪವಿರಲಿಲ್ಲ, ಆದರೆ ರಥಿಕನಾದ ಕರ್ಣನ ಗೆಲುವಿನಲ್ಲಿ ಅವನಿಗೆ ಮನಸ್ಸಿರಲಿಲ್ಲ. ಆದುದರಿಂದ ಮೊದಲು ನೋಡತಕ್ಕದ್ದು, ತನ್ನ ಕೈಗೆ ಒಪ್ಪಿಸಿದ ಆಟಗಾರರನ್ನು ಅರಿಯುವ, ನಂಬುವ, ಅವರೂ ಅರಿಯದ ಶಕ್ತಿಯನ್ನು ಅವರಲ್ಲಿ ಕಾಣುವ ಗುಣವನ್ನು. ಹೈದರಾಬಾದಿನ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದು 1951ರ ಮತ್ತು 1962ರ ಏಷ್ಯನ್ ಕ್ರೀಡೆಗಳೆರಡರಲ್ಲಿಯೂ ಭಾರತಕ್ಕೆ ಚಿನ್ನವನ್ನು ತಂದಿತ್ತ ಸೈಯದ್ ಅಬ್ದುಲ್ ರಹೀಮರಲ್ಲಿ ಈ ಗುಣ ಪೂರ್ಣವಾಗಿತ್ತು. 1962ರ ಜಕಾರ್ತಾದಲ್ಲಿ, ತಲೆಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾಪಂಕ್ತಿಯ ಜರ್ನೈಲ್ ಸಿಂಗರನ್ನು ಅವರು ಮುಂಚೂಣಿಯಲ್ಲಿ ನಿಲ್ಲಿಸಿದರು. ದಕ್ಷಿಣ ಕೊರಿಯದ ವಿರುದ್ಧ 2-1ರಿಂದ ಗೆದ್ದ ಫೈನಲಿನಲ್ಲಿ ಒಂದು ಗೋಲು ಜರ್ನೈಲರದೇ. ಶ್ವಾಸಕೋಶದ ಕ್ಯಾನ್ಸರಿನಿಂದ ಬಳಲುತ್ತಲೇ ಈ ವಿಜಯವನ್ನು ರೂಪಿಸಿದ ರಹೀಮರು ಮರುವರ್ಷ ಕಣ್ಮುಚ್ಚಿದರು. ತನ್ನ ಆಟಗಾರರನ್ನು ಇಷ್ಟು ಆಳವಾಗಿ ಬಲ್ಲ ಕೋಚು ಬೇಕೆಂದು ಬಯಸುವವರು, ಹಾಗೆ ಬಲ್ಲವರಾಗಲು ಅವರಿಗೆ ವರ್ಷಗಳನ್ನೂ ಕೊಡಬೇಕಷ್ಟೆ.

ಅಂಥವರನ್ನು ಅರಸುವಾಗ ಕಣ್ಣು ಯಾವಾಗಲೂ ವಿದೇಶದತ್ತಲೇ ಹೋಗಬೇಕೆಂಬ ನಿಯಮವೇನೂ ಇಲ್ಲ. 1968-69ರ ಬಳಿಕ ಸಂತೋಷ್ ಟ್ರೋಫಿಗಾಗಿ 54 ವರ್ಷ ಕಾದಿದ್ದ ಕರ್ನಾಟಕವು 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2 ಅಂತರದಿಂದ ಸೋಲಿಸಿದುದು ರವಿಬಾಬು ರಾಜು ಅವರ ತರಬೇತಿಯಲ್ಲಿ. ಪುಟ್ಟ ಐಜ್ವಾಲ್ ತಂಡವನ್ನು 2017ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದ ಖಾಲಿದ್ ಜಮೀಲರಿಗೆ ರಾಷ್ಟ್ರೀಯ ತಂಡದ ಹೊಣೆ ಬರಲು 2025ರವರೆಗೆ ಕಾಯಬೇಕಾಯಿತು. ಬೆಂಗಳೂರು ಕ್ಲಬ್ಬಿನಲ್ಲಿಯೇ, ತಾತ್ಕಾಲಿಕವಾಗಿ ಭಾರ ಹೊತ್ತು ಬಳಿಕ ಕಿರಿಯರತ್ತ ಮರಳಿದ ಮೂಸಾ ಅವರ ಹುಡುಗರು 2022ರ ಪ್ರಥಮ ಡೆವಲಪ್‌ಮೆಂಟ್ ಲೀಗನ್ನು ಗೆದ್ದರು. ಮನೆಯೊಳಗೆ ದೀಪವಿರುವಾಗ ಹೊರಗೆ ಬೆಂಕಿ ಕೇಳಲು ಹೋಗಬಾರದು.

ಕೋಚಿನ ನಾಯಕತ್ವದಷ್ಟೇ ಮುಖ್ಯವಾದುದು ಮೈದಾನದೊಳಗಿನ ನಾಯಕತ್ವ. ಸುನಿಲ್ ಛೆಟ್ರಿ ಅವರು ಕ್ಲಬ್ಬಿನ ಆರಂಭದಿಂದಲೂ ಅದರ ಚೈತನ್ಯವಾಗಿ ನಿಂತವರು. 2024-25ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಲೀಗಿನಲ್ಲಿ 14 ಗೋಲುಗಳನ್ನು ಹೊಡೆದವರು. 2024ರ ಜೂನಿನಲ್ಲಿ ಅಂತಾರಾಷ್ಟ್ರೀಯ ಆಟದಿಂದ ನಿವೃತ್ತರಾದ ಅವರನ್ನು 2025ರ ಮಾರ್ಚಿನಲ್ಲಿ ದೇಶ ಮತ್ತೆ ಕರೆಸಿಕೊಂಡಿತು. ಇದು ಅವರ ಮಹತ್ತ್ವಕ್ಕೆ ಸಾಕ್ಷಿ. ಅಷ್ಟೇ ಅಲ್ಲ, ಉತ್ತರಾಧಿಕಾರಿಗಳನ್ನು ಬೆಳೆಸದ ನಮ್ಮ ಅಲಕ್ಷ್ಯಕ್ಕೂ ಸಾಕ್ಷಿ. ಹಿರಿಯರು ಅಂಗಣದಲ್ಲಿರುವಾಗಲೇ ಅವರ ಪಕ್ಕದಲ್ಲಿ ಇಬ್ಬರು ಮೂವರು ತರುಣರಿಗೆ ಹೊಣೆಯನ್ನು ಹಂಚಿ ಕಲಿಸಬೇಕು. ಅವರು ಹೋದ ಮೇಲೆ ಹೂಡುವ ಹುಡುಕಾಟಕ್ಕೆ ಫಲ ಸಿಗುವುದು ದುರ್ಲಭ.

ತಾಳ್ಮೆಯ ಹೆಸರಿನಲ್ಲಿ ಅಸಮರ್ಥರನ್ನು ಎಷ್ಟು ಕಾಲ ಹೊರಬೇಕೆಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ, ಆದರೆ ಫಲ ತಡವಾಗಿ ಬರುವುದೂ ಉಂಟು. 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಅಲೆಕ್ಸ್ ಫರ್ಗ್ಯುಸನ್ ಅವರಿಗೆ ಮೊದಲ ಪ್ರಶಸ್ತಿ ದೊರೆತುದು 1990ರಲ್ಲಿ, ಲೀಗ್ ಕಿರೀಟ 1993ರಲ್ಲಿ. ಅವರು 2013ರಲ್ಲಿ ನಿವೃತ್ತರಾದಾಗ ಆರು ವರ್ಷಗಳ ಒಪ್ಪಂದದೊಂದಿಗೆ ಬಂದ ಡೇವಿಡ್ ಮೊಯೆಸ್ ಅವರನ್ನು ಅದೇ ಕ್ಲಬ್ಬು ಹತ್ತು ತಿಂಗಳೊಳಗೆ ಕಳುಹಿಸಿತು, ಅಲ್ಲಿಂದ ಮುಂದೆ ಬದಲಾವಣೆಗಳ ಸಾಲೇ ಆಯಿತು. ಕಾಯುವುದೆಂದರೆ ಕಣ್ಣುಮುಚ್ಚಿ ಕೂರುವುದಲ್ಲ. ಅಭ್ಯಾಸದಲ್ಲಿ ಶಿಸ್ತು ಉಳಿದಿದೆಯೆ, ತರುಣರು ಬೆಳೆಯುತ್ತಿರುವರೆ, ಸೋತ ಪಂದ್ಯದಲ್ಲಿಯೂ ಆಟದ ರೀತಿ ಗೋಚರಿಸುತ್ತಿದೆಯೆ ಎಂದು ಪರಿಶೀಲಿಸುತ್ತಿರಬೇಕು. ಇವೆಲ್ಲ ಇರುವಾಗ ಅಂಕಪಟ್ಟಿಯೊಂದಕ್ಕೆ ಹೆದರಿ ಕೋಚನ್ನು ಕಳುಹಿಸುವುದು ಅವಿವೇಕ. ಇವು ಯಾವುದೂ ಇಲ್ಲದಿರುವಾಗ ಉಳಿಸಿಕೊಳ್ಳುವುದೂ ಅವಿವೇಕವೇ.

ಆದಕಾರಣ ಮುಂದಿನ ಸಲ ಕೋಚಿನ ನೇಮಕವಾಗುವಾಗ ಬೆಂಗಳೂರು ಕ್ಲಬ್ಬಿನ ಒಡೆಯರು ಬರಿಯ ಹೆಸರನ್ನು ಘೋಷಿಸದೆ, ಎಂಥ ಆಟವನ್ನು ಬಯಸುತ್ತೇವೆ, ಕಿರಿಯರ ತಂಡದಿಂದ ಎಷ್ಟು ಮಂದಿಯನ್ನು ಮೇಲೆ ತರುತ್ತೇವೆ, ಎಷ್ಟು ಋತುಗಳ ಕಾಲ ಕೈಬಿಡದೆ ನಿಲ್ಲುತ್ತೇವೆ ಎಂಬುದನ್ನು ಅಭಿಮಾನಿಗಳ ಮುಂದೆ ಬಹಿರಂಗವಾಗಿ ಹೇಳಲಿ. ವರ್ಷಕ್ಕೊಮ್ಮೆ ಆ ಮಾತಿನ ಲೆಕ್ಕವನ್ನೂ ಒಪ್ಪಿಸಲಿ. ಅಭಿಮಾನಿಗಳಾದ ನಾವು ಕೋಚಿನ ತಲೆಯನ್ನು ಕೇಳುವ ಅಭ್ಯಾಸವನ್ನು ಬಿಟ್ಟು, ಒಡೆಯರಿಂದ ಈ ಲೆಕ್ಕವನ್ನು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು.